ಇಂದಿನ ಧಮ್ಮ ಚಿಂತನೆ: ಚಳಿಗೆ ನಡುಗುವ ಸಣ್ಣ ನಾಯಿ ಮತ್ತು ನಮ್ಮ ಮೈತ್ರಿ



ಬಂಧುಗಳೇ, ಈ ವಾರ ನಾವು ಓದುತ್ತಿರುವುದು ಪಂಚಶೀಲದ ಮೊದಲನೆಯ ಶೀಲ. ಇದನ್ನು ‘ಮಾಡಬಾರದ್ದು’ ಎಂಬ ಪಟ್ಟಿಗೆ ಸೇರಿಸಿ ಸುಮ್ಮನಾಗುವ ಅಭ್ಯಾಸ ನಮ್ಮಲ್ಲಿದೆ. ಜೀವಕ್ಕೆ ಹಿಂಸೆ ಮಾಡಲಿಲ್ಲ, ಶೀಲ ಪಾಲಿಸಿದಂತಾಯಿತು ಎಂದುಕೊಳ್ಳುತ್ತೇವೆ. ಆದರೆ ಕಣ್ಣೆದುರು ಒಂದು ಜೀವ ನರಳುತ್ತಿರುವಾಗ ಏನೂ ಮಾಡದೆ ಇರುವುದು ಶೀಲವೋ ಅಲ್ಲವೋ ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ಕಳೆದ ವಾರ ಗುಂಪಿನಲ್ಲಿ ಒಬ್ಬ ಅಕ್ಕ ಒಂದು ಫೋಟೋ ಹಾಕಿದ್ದರು. ಅಂಗಳದ ಫರಸಿ ಕಲ್ಲಿನ ಮೇಲೆ ಮೂಗನ್ನು ಬಾಲದೊಳಗೆ ಹುದುಗಿಸಿ ಮುದುಡಿ ಮಲಗಿದ ಸಣ್ಣ ನಾಯಿ. ‘ಸರ್, ರಾತ್ರಿಯೆಲ್ಲ ಕುಂಯ್‌ಗುಡ್ತದ, ಏನ್ ಮಾಡ್ಬೇಕು?’ ಎಂದು ಕೇಳಿದ್ದರು. ಅದರ ಕೆಳಗೇ ಹಿರಿಯರೊಬ್ಬರ ಧ್ವನಿ ಸಂದೇಶ ಬಂತು: ‘ಮಾಸ್ತರ, ನಮ್ಮನ್ನ ನಾಯಿಗಿಂತ ಕಡಿ ಮಾಡಿ ಇಟ್ಟಿದ್ರು. ಈಗ ನಾಯಿಗಿ ಕೌದಿ ಹೊಚ್ಚೋ ಪಾಠ ಹೇಳ್ತೀರೇನ್ರಿ?’

ಈ ಮಾತನ್ನು ನಗೆಯಲ್ಲಿ ತೇಲಿಸಿಬಿಡುವುದು ಸರಿಯಲ್ಲ. ಅದರ ಹಿಂದೆ ದೊಡ್ಡ ಇತಿಹಾಸವಿದೆ. ಮೊದಲು ಅದನ್ನೇ ನೋಡೋಣ, ಅಕ್ಕನ ಪ್ರಶ್ನೆಗೆ ಆಮೇಲೆ ಬರುತ್ತೇನೆ.

ಮನುಸ್ಮೃತಿಯ ಹತ್ತನೆಯ ಅಧ್ಯಾಯವು ಚಂಡಾಲರೂ ಶ್ವಪಚರೂ ಊರ ಹೊರಗೆ ಇರಬೇಕು, ನಾಯಿ ಮತ್ತು ಕತ್ತೆಗಳೇ ಅವರ ಸಂಪತ್ತಾಗಿರಬೇಕು ಎಂದು ವಿಧಿಸುತ್ತದೆ. ‘ಶ್ವಪಚ’ ಎಂಬ ಶಬ್ದವನ್ನೇ ಬಿಡಿಸಿ ನೋಡಿ. ಶ್ವಾನ ಎಂದರೆ ನಾಯಿ, ಪಚ ಎಂದರೆ ಬೇಯಿಸುವವನು. ಮನುಷ್ಯರ ಒಂದು ಗುಂಪಿಗೆ ಇಟ್ಟ ಹೆಸರಿನೊಳಗೇ ನಾಯಿಯನ್ನು ಸೇರಿಸಿ ಬೈಗುಳ ಮಾಡಿದರು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ ಕೆರೆಯ ನೀರು ಮುಟ್ಟಿದಾಗ ಆ ಕೆರೆಯಲ್ಲಿ ದನ, ನಾಯಿಗಳಿಗೆ ತಡೆ ಇರಲಿಲ್ಲ, ನಮ್ಮ ಜನರಿಗೆ ಇತ್ತು. 1931ರಲ್ಲಿ ಮುಂಬೈಯಲ್ಲಿ ಗಾಂಧೀಜಿಯವರ ಮುಂದೆ ಕೂತು, ನಾಯಿ ಬೆಕ್ಕುಗಳಿಗಿಂತ ಕೀಳಾಗಿ ಕಾಣುವ, ಕುಡಿಯಲು ನೀರೂ ಕೊಡದ ಈ ನಾಡನ್ನು ನನ್ನ ನಾಡೆಂದು ಹೇಗೆ ಹೇಳಲಿ ಎಂಬರ್ಥದ ಮಾತನ್ನು ಅವರು ಕೇಳಿದ್ದೂ ನಿಮಗೆ ಗೊತ್ತಿದೆ.

ಈಗ ಗಮನಿಸಿ. ಬಾಬಾಸಾಹೇಬರ ಆ ಮಾತು ನಾಯಿಯ ಮೇಲಿನ ಸಿಟ್ಟಲ್ಲ. ನಾಯಿಗೆ ನೀರು ಕೊಟ್ಟದ್ದು ತಪ್ಪು ಎಂದು ಅವರು ಎಲ್ಲಿಯೂ ಹೇಳಲಿಲ್ಲ. ಮನುಷ್ಯನಿಗೆ ಕೊಡದೆ ಹೋದದ್ದು ತಪ್ಪು. 1934ರ ಫೆಬ್ರವರಿಯಲ್ಲಿ ದಾದರಿನ ರಾಜಗೃಹದಲ್ಲಿ ತೆಗೆದ ಕುಟುಂಬದ ಫೋಟೋ ನಮ್ಮ ಎಷ್ಟೋ ಮನೆಗಳ ಗೋಡೆಯ ಮೇಲಿದೆ. ಯಶವಂತರಾವ್, ಬಾಬಾಸಾಹೇಬರು, ಮಾತೆ ರಮಾಬಾಯಿ, ಅತ್ತಿಗೆ ಲಕ್ಷ್ಮೀಬಾಯಿ, ಮುಕುಂದ. ಇನ್ನೂ ಒಬ್ಬರಿದ್ದಾರೆ, ನಾವು ಕಣ್ಣು ಹಾಯಿಸುವುದಿಲ್ಲ ಅಷ್ಟೇ. ಅದು ಟಾಬಿ, ಅವರ ಪ್ರೀತಿಯ ನಾಯಿ. ನೀರಿಗಾಗಿ ಮಹಾಡದಲ್ಲಿ ನಿಂತ ಅದೇ ಮನುಷ್ಯ ಏಳು ವರ್ಷದ ನಂತರ ತನ್ನ ಮನೆಯವರ ಜೊತೆ ನಾಯಿಯನ್ನೂ ಕೂರಿಸಿಕೊಂಡು ಫೋಟೋ ತೆಗೆಸಿದ್ದಾರೆ.

ಜಾತಿಯನ್ನು ಅವರು ಶ್ರೇಣೀಕೃತ ಅಸಮಾನತೆ ಎಂದು ಕರೆದರು. ಅಲ್ಲಿ ಪ್ರತಿಯೊಬ್ಬನಿಗೂ ತುಳಿಯಲು ಕೆಳಗೊಂದು ಮೆಟ್ಟಿಲು ಸಿಗುತ್ತದೆ. ನಮಗೆ ಮನುಷ್ಯರಾರೂ ಸಿಗದಿದ್ದಾಗ ನಾಯಿ ಸಿಕ್ಕಿತು. ಹಿರಿಯರೇ, ನಿಮ್ಮ ನೋವು ನಿಜ. ಆದರೆ ಮನುಸ್ಮೃತಿಯನ್ನು 1927ರ ಡಿಸೆಂಬರ್ 25ರಂದೇ ಸುಟ್ಟಾಯಿತು. ಆ ಪುಸ್ತಕ ನಾಯಿಗೆ ಕೊಟ್ಟ ಅವಮಾನದ ಜಾಗವನ್ನು ಮಾತ್ರ ನಾವು ಯಾಕೆ ಉಳಿಸಿಕೊಳ್ಳಬೇಕು? ಊರ ಹೊರಗಿನ ಕೇರಿಯಲ್ಲಿ ರಾತ್ರಿ ನಮ್ಮ ಅಜ್ಜಿಯರ ಬಾಗಿಲು ಕಾದದ್ದು ಅದೇ ನಾಯಿ.

ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ ಗ್ರಂಥದಲ್ಲಿ ಸದ್ಧಮ್ಮವನ್ನು ವಿವರಿಸುವಾಗ ಪ್ರಜ್ಞೆ, ಶೀಲ, ಕರುಣೆ ಎಂದು ಹೇಳಿ ಅಲ್ಲಿಗೆ ನಿಲ್ಲುವುದಿಲ್ಲ. ಕರುಣೆಯಾಚೆಗೆ ಮೈತ್ರಿ ಬೇಕು ಎನ್ನುತ್ತಾರೆ. ಕರುಣೆ ಮನುಷ್ಯರ ಕಡೆಗೆ, ಮೈತ್ರಿ ಜೀವವಿರುವ ಎಲ್ಲದರ ಕಡೆಗೆ. ಮತ್ತೆ, ಇವೆಲ್ಲಕ್ಕಿಂತ ಮೊದಲು ಪ್ರಜ್ಞೆಯನ್ನು ಇಟ್ಟಿದ್ದಾರೆ ಎಂಬುದನ್ನು ಮರೆಯಬೇಡಿ. ನನ್ನ ತಿಳಿವಳಿಕೆಯಂತೆ ಇಂದಿನ ಪಾಠ ಇರುವುದೇ ಇಲ್ಲಿ. ಪ್ರಜ್ಞೆಯಿಲ್ಲದ ಕರುಣೆ ಚಳಿಯಲ್ಲಿ ನಾಯಿಮರಿಯನ್ನು ಕೊಲ್ಲಲೂಬಹುದು. ಅದು ಹೇಗೆಂದು ಮುಂದೆ ಹೇಳುತ್ತೇನೆ.

ಚಳಿಯ ವಿಷಯದಲ್ಲಿ ಬುದ್ಧರ ಪ್ರಜ್ಞೆ ಹೇಗೆ ಕೆಲಸ ಮಾಡಿತು ಎಂಬುದಕ್ಕೆ ವಿನಯ ಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಬುದ್ಧರು ರಾಜಗೃಹದಿಂದ ವೈಶಾಲಿಯ ಕಡೆ ನಡೆಯುತ್ತಿದ್ದಾಗ ಭಿಕ್ಷುಗಳು ತಲೆ, ಹೆಗಲು, ಸೊಂಟದ ಮೇಲೆಲ್ಲ ಬಟ್ಟೆಯ ಗಂಟು ಹೊತ್ತು ಬರುವುದನ್ನು ಕಂಡರು. ಇದಕ್ಕೊಂದು ಮಿತಿ ಬೇಕು ಅನ್ನಿಸಿತು. ಕೂಡಲೇ ಇಷ್ಟೇ ಬಟ್ಟೆ ಎಂದು ಆಜ್ಞೆ ಹೊರಡಿಸಬಹುದಿತ್ತು. ಹಾಗೆ ಮಾಡಲಿಲ್ಲ. ವೈಶಾಲಿಯ ಗೋತಮಕ ಚೈತ್ಯದ ಬಳಿ, ಹಿಮ ಬೀಳುವ ಕಡುಚಳಿಯ ರಾತ್ರಿ, ಒಂದೇ ಚೀವರ ಹೊದ್ದು ಬಯಲಲ್ಲಿ ಕೂತರು. ಮೊದಲ ಯಾಮದವರೆಗೆ ಚಳಿ ಅನ್ನಿಸಲಿಲ್ಲ. ಆ ಯಾಮ ಮುಗಿಯುವಾಗ ಚಳಿಯಾಯಿತು, ಎರಡನೆಯದನ್ನು ಹೊದ್ದರು. ನಡು ಯಾಮ ಕಳೆದಾಗ ಮೂರನೆಯದು. ಬೆಳಗಿನ ಜಾವ ನಾಲ್ಕನೆಯದು. ಚಳಿ ತಾಳದ ಭಿಕ್ಷುವಿಗೂ ಇಷ್ಟು ಸಾಕು ಎಂದು ಖಾತ್ರಿಯಾದ ಮೇಲೆಯೇ ಮೂರು ಚೀವರದ ನಿಯಮ ಮಾಡಿದರು. ಅದರಲ್ಲಿ ಹೊರಗಿನ ಸಂಘಾಟಿ ಎರಡು ಪದರದ್ದು. ಲೆಕ್ಕ ಹಾಕಿ, ಒಟ್ಟು ನಾಲ್ಕು ಪದರವೇ ಆಯಿತು.

ಚಳಿಯನ್ನು ಊಹಿಸದೆ ಸ್ವಂತ ಮೈಮೇಲೆ ಅಳೆದು ನೋಡಿದ್ದು ಇಲ್ಲಿನ ವಿಶೇಷ. ಅಳೆದದ್ದೂ ತನಗಾಗಿ ಅಲ್ಲ, ತನಗಿಂತ ಹೆಚ್ಚು ಚಳಿಯಾಗುವವರಿಗಾಗಿ.

ಈಗ ಆ ಅಕ್ಕನ ಅಂಗಳಕ್ಕೆ ಬರೋಣ. ಬೀದರ, ಕಲಬುರಗಿ, ವಿಜಯಪುರದ ಕಡೆ ಡಿಸೆಂಬರ್-ಜನವರಿಯ ರಾತ್ರಿ ಉಷ್ಣಾಂಶ ಹತ್ತು ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ನಮಗೆ ಅತಿ ಚಳಿ ಬೆಳಗಿನ ಜಾವ, ಸೂರ್ಯ ಹುಟ್ಟುವ ಸ್ವಲ್ಪ ಮೊದಲು. ಆಗ ಎದ್ದು ಅಂಗಳದ ಫರಸಿಯ ಮೇಲೆ ಬರಿಗೈ ಊರಿ ನೂರು ಎಣಿಸುವವರೆಗೆ ಇಟ್ಟು ನೋಡಿ. ಕಲ್ಲು ನಮ್ಮ ಕೈಯ ಬಿಸಿಯನ್ನು ಹೇಗೆ ಎಳೆದುಕೊಳ್ಳುತ್ತದೆ ಎಂಬುದು ತಿಳಿಯುತ್ತದೆ. ಬೇಸಿಗೆಯಲ್ಲಿ ನಮಗೆ ತಂಪು ಕೊಡುವ ಆ ಶಹಾಬಾದಿನ ಕಲ್ಲೇ ಚಳಿಗಾಲದಲ್ಲಿ ನಾಯಿಯ ಹೊಟ್ಟೆಯ ಬಿಸುಪನ್ನು ರಾತ್ರಿಯಿಡೀ ಕುಡಿಯುತ್ತದೆ. ಮೇಲಿನಿಂದ ಎಷ್ಟು ಹೊದಿಸಿದರೂ ಕೆಳಗಿನಿಂದ ಹೋಗುವ ಬಿಸಿಯನ್ನು ತಡೆಯದಿದ್ದರೆ ಪ್ರಯೋಜನವಿಲ್ಲ. ಹೆಚ್ಚಿನವರು ಹೊದಿಸುತ್ತಾರೆ, ಹಾಸುವುದಿಲ್ಲ.

ದೊಡ್ಡ ನಾಯಿಗಿಂತ ಸಣ್ಣ ನಾಯಿಗೆ ಯಾಕೆ ಹೆಚ್ಚು ಚಳಿ? ಶಾಲೆಯಲ್ಲಿ ಮಕ್ಕಳಿಗೆ ನಾನು ಹೀಗೆ ಹೇಳುವುದುಂಟು. ಒಂದು ದೊಡ್ಡ ಗಡಿಗೆಯಲ್ಲೂ ಒಂದು ಸಣ್ಣ ಲೋಟದಲ್ಲೂ ಬಿಸಿನೀರು ಹಾಕಿ ಇಡಿ. ಲೋಟದ್ದು ಮೊದಲು ಆರುತ್ತದೆ. ಒಳಗಿನ ನೀರಿಗೆ ಹೋಲಿಸಿದರೆ ಅದರ ಹೊರಮೈ ಹೆಚ್ಚು. ಸಣ್ಣ ನಾಯಿಯ ದೇಹವೂ ಹಾಗೆಯೇ. ನಾಯಿಯ ಮೈಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್, ಅಂದರೆ ನಮಗಿಂತ ಹೆಚ್ಚು. ಆ ಬಿಸಿಯನ್ನು ಕಾಪಾಡಿಕೊಳ್ಳಲು ಅದು ಉಣ್ಣುವ ಅನ್ನವನ್ನೇ ಉರಿಸಬೇಕು. ಸಣ್ಣ ಹೊಟ್ಟೆಯಲ್ಲಿ ಎಷ್ಟು ಅನ್ನ ಹಿಡಿಸೀತು? ಪಮೇರಿಯನ್‌ಗೆ ಎರಡು ಪದರದ ಕೂದಲಿದೆ, ಅದು ಸ್ವಲ್ಪ ತಾಳುತ್ತದೆ. ಗಿಡ್ಡ ಕೂದಲಿನ ಪಗ್, ಡ್ಯಾಶುಂಡ್, ನಮ್ಮ ಓಣಿಯ ಬಡಕಲು ಮರಿ ತಾಳುವುದಿಲ್ಲ. ಮುದಿ ನಾಯಿ, ಕಾಯಿಲೆಯ ನಾಯಿ, ಈಗಷ್ಟೇ ಮರಿ ಹಾಕಿದ ತಾಯಿ, ಇವುಗಳಿಗೂ ಕಷ್ಟ.

ಹಾಗಾದರೆ ಮಾಡಬೇಕಾದದ್ದು ಏನು? ದುಡ್ಡಿನ ಕೆಲಸ ಅಲ್ಲವೇ ಅಲ್ಲ. ಮೊದಲು ನೆಲದಿಂದ ಎತ್ತರಿಸಿ. ಒಂದು ಹಲಗೆ, ಹಳೆಯ ಟೈರು, ಹರಿದ ಬುಟ್ಟಿ, ಏನಾದರೂ ಸರಿ. ಅದರ ಮೇಲೆ ಎರಡು ಮೂರು ಪದರ ರಟ್ಟು, ರಟ್ಟಿನ ಮೇಲೆ ಗೋಣಿಚೀಲ, ಅದರ ಮೇಲೆ ಹಳೆ ಕೌದಿಯ ತುಂಡು. ಹೊರಗೆ ಮಲಗುವ ನಾಯಿಗೆ ಪೆಟ್ಟಿಗೆ ಮಾಡುವುದಾದರೆ ಔಷಧ ಅಂಗಡಿ, ಮೀನಿನ ಅಂಗಡಿಯವರು ಬಿಸಾಡುವ ಥರ್ಮಾಕೋಲ್ ಪೆಟ್ಟಿಗೆ ಒಳ್ಳೆಯದು. ಅದನ್ನು ಕಚ್ಚಿ ತಿನ್ನುವ ಚಟ ಇರುವ ಮರಿಯಾದರೆ ಮಾತ್ರ ರಟ್ಟಿನ ಡಬ್ಬಿಯೊಳಗೆ ಕೂರಿಸಿ, ಥರ್ಮಾಕೋಲ್ ಹೊರಗೆ ಸುತ್ತಿ. ದೊಡ್ಡ ಪೆಟ್ಟಿಗೆ ಇಟ್ಟರೆ ಆರಾಮ ಎಂದು ತಿಳಿಯಬೇಡಿ. ನಾಯಿ ಒಳಹೊಕ್ಕು ಒಂದು ಸುತ್ತು ತಿರುಗಿ ಮಲಗುವಷ್ಟಿದ್ದರೆ ಸಾಕು. ಅದರ ಮೈಬಿಸಿಯೇ ಆ ಪೆಟ್ಟಿಗೆಗೆ ಒಲೆ, ಜಾಗ ಹೆಚ್ಚಾದಷ್ಟೂ ಬಿಸಿ ಚೆದರುತ್ತದೆ. ಬಾಯಿ ಚಿಕ್ಕದಿರಲಿ, ಗಾಳಿ ಬೀಸುವ ದಿಕ್ಕಿಗೆ ಬೆನ್ನು ಮಾಡಿ ಇಡಿ. ನಮ್ಮ ಕಡೆ ಚಳಿಗಾಲದ ಗಾಳಿ ಹೆಚ್ಚಾಗಿ ಪೂರ್ವ, ಈಶಾನ್ಯದಿಂದ ಬರುತ್ತದೆ.

ಇಬ್ಬನಿ, ನೀರು ತಾಗುವ ಜಾಗದಲ್ಲಿ ಬಟ್ಟೆಗಿಂತ ಒಣ ಹುಲ್ಲು ವಾಸಿ. ಬಟ್ಟೆ ಒದ್ದೆಯಾದರೆ ಒದ್ದೆಯಾಗಿಯೇ ಉಳಿದು ಮೈಬಿಸಿಯನ್ನು ಹೀರುತ್ತದೆ. ಹುಲ್ಲಿನ ನಡುವೆ ಗಾಳಿ ನಿಲ್ಲುತ್ತದೆ, ನೀರು ಕೆಳಗಿಳಿಯುತ್ತದೆ. ಬಟ್ಟೆಯೇ ಹಾಕಿದ್ದರೆ ಪ್ರತಿದಿನ ಬಿಸಿಲಿಗೆ ಒಣಗಿಸಿ. ಚಿಗಟ, ಉಣ್ಣೆಗಳೂ ಅದರಿಂದ ಕಡಿಮೆಯಾಗುತ್ತವೆ.

ಸ್ವೆಟರ್ ಬಗ್ಗೆ ಕೇಳಿದವರಿಗೆ: ಹಾಕಬಹುದು, ಅದರಲ್ಲಿ ನಾಚಿಕೆ ಏನೂ ಇಲ್ಲ. ಮಗುವಿನ ಹಳೆ ಸ್ವೆಟರಿನ ತೋಳು ಕತ್ತರಿಸಿ, ಮುಂಗಾಲಿಗೆ ಎರಡು ತೂತು ಮಾಡಿದರೆ ಸಣ್ಣ ಮರಿಯ ಅಂಗಿ ಆಯಿತು. ಗುಂಡಿ, ದಾರ, ಲಾಡಿ ಇರಬಾರದು, ನುಂಗುತ್ತವೆ. ಕಂಕುಳಲ್ಲಿ ಎರಡು ಬೆರಳು ಸಲೀಸಾಗಿ ಹೋಗಬೇಕು. ಒದ್ದೆಯಾದ ಕೂಡಲೇ ಬಿಚ್ಚಿ, ಏಕೆಂದರೆ ಒದ್ದೆ ಸ್ವೆಟರಿಗಿಂತ ಬರಿಮೈ ಮೇಲು. ನಿಮ್ಮ ಕಣ್ಣೆದುರು ಇಲ್ಲದ ಬೀದಿ ನಾಯಿಗೆ ಅಂಗಿ ತೊಡಿಸಿ ಬಿಟ್ಟುಬಿಡಬೇಡಿ. ಎಲ್ಲಾದರೂ ಮುಳ್ಳುತಂತಿಗೆ ಸಿಕ್ಕಿಕೊಂಡರೆ ಬಿಡಿಸುವವರಿರುವುದಿಲ್ಲ. ಫೋಟೋ ಚೆನ್ನಾಗಿ ಬರುತ್ತದೆ ನಿಜ, ಆದರೆ ಬೀದಿ ನಾಯಿಗೆ ಬೇಕಾದದ್ದು ಗೋಣಿಚೀಲ.

ಸ್ನಾನ ಮಾಡಿಸುವುದಿದ್ದರೆ ನಡು ಹಗಲಲ್ಲಿ, ಉಗುರು ಬೆಚ್ಚಗಿನ ನೀರಲ್ಲಿ, ಬಿಸಿಲಿರುವಾಗ. ಪೂರ್ತಿ ಒಣಗಿಸದೆ ಬಿಡಬಾರದು. ಚಳಿಗಾಲದಲ್ಲಿ ಊಟ ಸ್ವಲ್ಪ ಹೆಚ್ಚು ಕೊಡಿ, ಅದರಲ್ಲೂ ರಾತ್ರಿಯದು. ಈರುಳ್ಳಿ ಹಾಕಿದ ಸಾರು, ಒಣದ್ರಾಕ್ಷಿ, ಚಾಕಲೇಟು ನಾಯಿಗೆ ವಿಷ. ಕುಡಿಯುವ ನೀರನ್ನು ಬೆಳಿಗ್ಗೆ ಬದಲಿಸಿ.

ಇನ್ನು ಪ್ರಜ್ಞೆಯಿಲ್ಲದ ಕರುಣೆಯ ಮಾತು. ನಮ್ಮಲ್ಲಿ ಬೀದಿ ನಾಯಿಗಳು ಮರಿ ಹಾಕುವುದು ಹೆಚ್ಚಾಗಿ ಚಳಿಗಾಲದಲ್ಲೇ. ಹುಟ್ಟಿದ ಮೊದಲ ಎರಡು ಮೂರು ವಾರ ಮರಿಗೆ ತನ್ನ ಮೈಬಿಸಿ ತಾನೇ ಕಾಪಾಡಿಕೊಳ್ಳಲು ಬರುವುದಿಲ್ಲ, ಸರಿಯಾಗಿ ನಡುಗಲೂ ಬರುವುದಿಲ್ಲ. ತಾಯಿಯ ಹೊಟ್ಟೆ, ಒಡಹುಟ್ಟಿದವುಗಳ ಮೈ, ಇವೇ ಅದಕ್ಕೆ ಆಸರೆ. ಅಂಥ ಮರಿ ಬೇರೆಯಾಗಿ, ತಣ್ಣಗಾಗಿ ಬಿದ್ದಿರುವುದನ್ನು ಕಂಡರೆ ನಾವು ಮೊದಲು ಮಾಡುವ ಕೆಲಸ ಏನು? ಹಾಲು ಹಾಕುತ್ತೇವೆ. ಮನಸ್ಸು ಒಳ್ಳೆಯದೇ. ಆದರೆ ಮೈ ತಣ್ಣಗಾದ ಮರಿಯ ಹೊಟ್ಟೆ ಕೆಲಸ ಮಾಡುವುದನ್ನು ನಿಲ್ಲಿಸಿರುತ್ತದೆ. ಹಾಲು ಜೀರ್ಣವಾಗದೆ ಉಳಿಯುತ್ತದೆ, ನುಂಗುವ ಶಕ್ತಿಯಿಲ್ಲದೆ ಶ್ವಾಸಕೋಶಕ್ಕೂ ಹೋಗುತ್ತದೆ. ಹಾಲು ಕುಡಿಸಿದವರ ಕೈಯಲ್ಲೇ ಮರಿ ಸಾಯುತ್ತದೆ. ಆದ್ದರಿಂದ ಮೊದಲು ಬಿಸುಪು, ಆಮೇಲೆ ಹಾಲು. ಒಣ ಬಟ್ಟೆಯಲ್ಲಿ ಸುತ್ತಿ ಎದೆಗೆ ಒತ್ತಿ ಹಿಡಿಯಿರಿ. ಬಾಟಲಿಗೆ ಬಿಸಿನೀರು ತುಂಬಿ, ಅದಕ್ಕೆ ದಪ್ಪ ಟವೆಲ್ ಸುತ್ತಿ ಪಕ್ಕದಲ್ಲಿಡಿ. ಬರಿ ಬಾಟಲಿ ತಾಗಿದರೆ ಮರಿಯ ಚರ್ಮ ಸುಡುತ್ತದೆ, ಅದಕ್ಕೆ ಸರಿದುಕೊಳ್ಳಲೂ ಬರುವುದಿಲ್ಲ. ಬೆಂಕಿಯ ಮುಂದೆ ಹಿಡಿಯಬೇಡಿ, ಜೋರಾಗಿ ಉಜ್ಜಬೇಡಿ, ನಿಧಾನವಾಗಿ ಬೆಚ್ಚಗಾಗಲಿ. ಬೆಚ್ಚಗಾಗಿ ಚಲನವಲನ ಬಂದ ಮೇಲೆ ತಾಯಿಯ ಬಳಿ ಬಿಡುವುದೇ ಎಲ್ಲಕ್ಕಿಂತ ಒಳ್ಳೆಯದು. ತಾಯಿ ಇಲ್ಲವಾದರೆ ಪಶು ವೈದ್ಯರನ್ನು ಕೇಳಿ. ಆಕಳ ಹಾಲು ಎಷ್ಟೋ ಮರಿಗಳಿಗೆ ಭೇದಿ ಮಾಡಿಸುತ್ತದೆ.

ದೊಡ್ಡ ನಾಯಿಯ ವಿಷಯದಲ್ಲೂ ಒಂದು ಗುರುತು ನೆನಪಿಡಿ. ನಡುಗುತ್ತಿರುವ ನಾಯಿ ಇನ್ನೂ ಹೋರಾಡುತ್ತಿದೆ. ತಣ್ಣನೆ ಮೈಯ ನಾಯಿ ನಡುಗುವುದನ್ನು ನಿಲ್ಲಿಸಿ ಮಂಕಾಗಿ ಬಿದ್ದರೆ ‘ಪಾಪ, ನಿದ್ದೆ ಹತ್ತಿತು’ ಎಂದು ಬಿಟ್ಟುಹೋಗಬೇಡಿ. ಅದು ಅಪಾಯದ ಹೊತ್ತು. ಬೆಚ್ಚಗೆ ಸುತ್ತಿ ಕೂಡಲೇ ಪಶು ಆಸ್ಪತ್ರೆಗೆ ಒಯ್ಯಿರಿ.

ಸುರಕ್ಷತೆಯ ಮಾತು ನಾಯಿಗೂ ನಮಗೂ ಸೇರಿದ್ದು. ಚಳಿಯೆಂದು ಬಾಗಿಲು ಕಿಟಕಿ ಮುಚ್ಚಿದ ಕೋಣೆಯೊಳಗೆ ಇದ್ದಿಲ ಶೇಗಡಿ ಇಟ್ಟು ಮಲಗುವವರಿದ್ದಾರೆ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ನಾಯಿಗಾಗಿಯೂ ಬೇಡ, ಮಕ್ಕಳಿಗಾಗಿಯೂ ಬೇಡ. ಓಣಿಯಲ್ಲಿ ಬೆಂಕಿ ಕಾಯಿಸಿಕೊಂಡು ಎದ್ದು ಹೋಗುವಾಗ ಕೆಂಡಕ್ಕೆ ನೀರು ಹಾಕಿ. ಬಿಸಿ ಬೂದಿ ಹುಡುಕಿಕೊಂಡು ಮರಿಗಳು ಬಂದು ಮಲಗುತ್ತವೆ, ಒಳಗಿನ ಕೆಂಡ ಅವುಗಳಿಗೆ ಕಾಣುವುದಿಲ್ಲ. ಆಟೊ, ಕಾರು ಇರುವವರು ಬೆಳಿಗ್ಗೆ ಗಾಡಿ ಚಾಲೂ ಮಾಡುವ ಮೊದಲು ಒಮ್ಮೆ ಬಗ್ಗಿ ಕೆಳಗೆ ನೋಡಿ, ಬಾನೆಟ್ ಮೇಲೆ ಎರಡು ಸಲ ತಟ್ಟಿ.

ಮಕ್ಕಳಿಗೆ ಒಂದು ಮಾತು ಕಡ್ಡಾಯವಾಗಿ ಹೇಳಿ: ತಾಯಿ ನಾಯಿ ಇರುವಾಗ ಮರಿ ಎತ್ತಬಾರದು. ಕಚ್ಚಿದರೆ, ಪರಚಿದರೆ ಮುಚ್ಚಿಡಬಾರದು. ಗಾಯವನ್ನು ಹರಿಯುವ ನೀರಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಹಾಕಿಸಬೇಕು. ಅರಿಶಿನ, ಸುಣ್ಣ, ಮಂತ್ರ ಯಾವುದೂ ಬೇಡ. ಬಾಬಾಸಾಹೇಬರ 22 ಪ್ರತಿಜ್ಞೆ ತೆಗೆದುಕೊಂಡ ಮನೆಯಲ್ಲೂ ನಾಯಿ ಕಚ್ಚಿದಾಗ ಮಂತ್ರ ಹಾಕಿಸಲು ಓಡುವವರನ್ನು ನಾನು ಕಂಡಿದ್ದೇನೆ. ಸಾಕಿದ ಮರಿಗೆ ಮೂರು ತಿಂಗಳಾದಾಗ ರೇಬಿಸ್ ಲಸಿಕೆ ಹಾಕಿಸಿ. ಓಣಿಯ ನಾಯಿಗಳಿಗೆ ಲಸಿಕೆ ಮತ್ತು ಸಂತಾನಹರಣ ಚಿಕಿತ್ಸೆ ಮಾಡಿಸುವಂತೆ ನಗರಸಭೆಗೆ ಎಲ್ಲರೂ ಸೇರಿ ಅರ್ಜಿ ಕೊಡುವುದೂ ಮೈತ್ರಿಯೇ. ಪ್ರತಿ ಚಳಿಗಾಲ ಹತ್ತು ಮರಿ ಹುಟ್ಟಿ ಎಂಟು ಸಾಯುವುದನ್ನು ನೋಡಿ ಮರುಗುವುದಕ್ಕಿಂತ ಅದು ಉತ್ತಮ.

ಒಂದು ತಿದ್ದುಪಡಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಜೀವಿಗಳ ಬಗ್ಗೆ ದಯೆ ಇರಬೇಕು ಎಂಬ ಸಂವಿಧಾನದ 51ಎ(ಜಿ) ಕಲಮನ್ನು ಬಾಬಾಸಾಹೇಬರೇ ಬರೆದರು ಎಂದು ಫಾರ್ವರ್ಡ್ ಮಾಡುವವರಿದ್ದಾರೆ. ಮೂಲಭೂತ ಕರ್ತವ್ಯಗಳು ಸೇರಿದ್ದು 1976ರ 42ನೆಯ ತಿದ್ದುಪಡಿಯಲ್ಲಿ, ಅವರ ಪರಿನಿರ್ವಾಣದ ಇಪ್ಪತ್ತು ವರ್ಷಗಳ ನಂತರ. ಅವರು ಮಾಡಿದ್ದೇ ಬೆಟ್ಟದಷ್ಟಿದೆ, ಮಾಡದ್ದನ್ನು ಸೇರಿಸುವ ಅಗತ್ಯವಿಲ್ಲ.

ಕೊನೆಗೆ, ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ. ಮನುಷ್ಯರಿಗೇ ಹೊದಿಯಲು ಇಲ್ಲದಿರುವಾಗ ನಾಯಿಗೆಲ್ಲಿಂದ ತರೋಣ? ಇದಕ್ಕೆ ಉತ್ತರ ಚುಲ್ಲವಗ್ಗದ ಆನಂದರ ಪ್ರಸಂಗದಲ್ಲಿದೆ. ಕೌಶಾಂಬಿಯ ಉದೇನ ರಾಜನ ರಾಣಿಯರು ಆನಂದರಿಗೆ ಐನೂರು ಬಟ್ಟೆ ದಾನ ಮಾಡಿದರು. ರಾಜನಿಗೆ ಅನುಮಾನ ಬಂತು, ಇಷ್ಟನ್ನು ಇವರು ಏನು ಮಾಡುತ್ತಾರೆ, ಅಂಗಡಿ ಇಡುತ್ತಾರೋ? ಹೋಗಿ ಕೇಳಿದ. ಚೀವರ ಹರಿದ ಭಿಕ್ಷುಗಳಿಗೆ ಹಂಚುತ್ತೇವೆ ಎಂದರು ಆನಂದರು. ಹಳೆಯ ಚೀವರ ಏನಾಗುತ್ತದೆ? ಹಾಸಿಗೆಯ ಮೇಲಿನ ಹೊದಿಕೆ. ಆ ಹಳೆ ಹೊದಿಕೆ? ಹಾಸಿಗೆಯ ಚೀಲ. ಅದು ಹಳತಾದರೆ? ನೆಲಕ್ಕೆ ಹಾಸು. ಆಮೇಲೆ ಕಾಲೊರಸು, ಆಮೇಲೆ ಧೂಳೊರಸುವ ಬಟ್ಟೆ. ಅದೂ ಚಿಂದಿಯಾದಾಗ ಕುಟ್ಟಿ ಮಣ್ಣಲ್ಲಿ ಕಲಸಿ ನೆಲ ಸಾರಿಸುತ್ತೇವೆ. ರಾಜ ಇನ್ನೂ ಐನೂರು ಬಟ್ಟೆ ಕೊಟ್ಟ.

ನಮ್ಮ ಆಯಿಗಳ ಕೌದಿಯೂ ಹೀಗೇ ಹುಟ್ಟಿದ್ದಲ್ಲವೇ? ಹಳೆ ಸೀರೆ, ಹಳೆ ಧೋತರ, ಮಗುವಿನ ಅಂಗಿ, ಎಲ್ಲ ಸೇರಿಸಿ ಹೊಲಿದದ್ದು. ಭಿಕ್ಷುವಿನ ಚೀವರವೂ ತುಂಡು ಜೋಡಿಸಿ ಹೊಲಿದದ್ದೇ, ಮಗಧದ ಗದ್ದೆಗಳ ಬದುಗಳನ್ನು ಮಾದರಿಯಾಗಿಟ್ಟುಕೊಂಡು. ಗಟ್ಟಿ ಇರುವ ಕೌದಿ, ಕಂಬಳಿಯನ್ನು ಮನುಷ್ಯರಿಗೇ ಕೊಡಿ. ಬಸ್ ನಿಲ್ದಾಣದಲ್ಲಿ, ಇಟ್ಟಿಗೆ ಭಟ್ಟಿಯಲ್ಲಿ ಮಲಗುವವರು ಬೇಕಾದಷ್ಟಿದ್ದಾರೆ. ಹೊದಿಯಲು ಬಾರದಷ್ಟು ಸವೆದ ತುಂಡು ಇದೆಯಲ್ಲ, ಆನಂದರ ಲೆಕ್ಕದಲ್ಲಿ ನೆಲಹಾಸಿನ ಹಂತಕ್ಕೆ ಬಂದದ್ದು, ಅದು ನಾಯಿಗೆ ಸಾಕು. ಇದರಲ್ಲಿ ಯಾವ ಮನುಷ್ಯನ ಪಾಲೂ ಕಡಿಮೆಯಾಗುವುದಿಲ್ಲ.

ಈ ಭಾನುವಾರ ವಂದನೆಗೆ ಬರುವಾಗ ಮನೆಯಲ್ಲಿರುವ ಖಾಲಿ ಗೋಣಿಚೀಲ, ರಟ್ಟು, ಸವೆದ ಕೌದಿಯ ತುಂಡು ತನ್ನಿ. ಒಗೆದು ಒಣಗಿಸಿ ತನ್ನಿ. ಬೇರೆ ಇಡಲು ಎರಡು ಮೂಲೆ ಮಾಡಿರುತ್ತೇವೆ, ಗಟ್ಟಿ ಹೊದಿಕೆಗಳು ಒಂದು ಕಡೆ, ಚಿಂದಿ ಒಂದು ಕಡೆ. ಹುಡುಗರು ಸಂಜೆ ಐದಕ್ಕೆ ಓಣಿಯ ಮೂರು ಕಡೆ ಪೆಟ್ಟಿಗೆ ಇಡಲು ಹೊರಡುತ್ತಾರೆ. ಧ್ವನಿ ಸಂದೇಶ ಕಳಿಸಿದ ಹಿರಿಯರೂ ಬರಬೇಕೆಂದು ನನ್ನ ವಿನಂತಿ. ಮಹಾಡದ ಕಥೆಯನ್ನು ಹುಡುಗರಿಗೆ ಅವರ ಬಾಯಿಂದಲೇ ಕೇಳಿಸಬೇಕಾಗಿದೆ.

ನಾಳೆಯ ಪಾಠ: ಎರಡನೆಯ ಶೀಲ.

ಜೈ ಭೀಮ್. ನಮೋ ಬುದ್ಧಾಯ.